ನಮ್ಮೂರ ಹುಡುಗನ ಕಿಡ್ನಿ ನಮ್ಮ ಕಾಕಾನಿಗೇಕೆ ಸಿಗಲಿಲ್ಲ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ನಮ್ಮ ಕಾಕಾ ಎರಡು ವರ್ಷದಿಂದ ಬಾಗಲಕೋಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಾರೆ. ಚಿಗವ್ವ ತಮ್ಮ ಕಿಡ್ನಿ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಕಳೆದ ಕಬ್ಬಿನ ಹಂಗಾಮಿನಲ್ಲಿ ನಮ್ಮೂರಿನ ಹುಡುಗನೊಬ್ಬ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳು ನಿಷ್ಕ್ರಿಯಗೊಂಡಾಗ ಮನೆಯವರು ಅವನ ಅಂಗಾಂಗ ದಾನ ಮಾಡಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಈಗ ಊರ ಕಟ್ಟೆಯ ಮೇಲೆ ಬೇರೆ ಮಾತು ನಡೆದಿದೆ: ಬಡವರ ಮಗನ ಕಿಡ್ನಿ ಯಾವನೋ ಸಾಹುಕಾರನ ಪಾಲಾಯಿತು, ಅದೇ ಊರಿನ ರೋಗಿಗೆ ಸಿಗಲಿಲ್ಲ ಎಂದು. ಆಗಸ್ಟ್‌ನಲ್ಲಿ ಮಕ್ಕಳಿಂದ ಅಂಗಾಂಗ ದಾನದ ಮೇಲೆ ಪ್ರಬಂಧ ಬರೆಸಬೇಕಾಗಿದೆ. ಈ ದಾನದಿಂದ ನಮ್ಮಂಥ ಊರಿಗೆ ಏನು ದಕ್ಕುತ್ತದೆ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ಕಟ್ಟೆಯ ಮೇಲಿನ ಆ ಮಾತನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಜಾಗೃತಿ ಕಾರ್ಯಕ್ರಮದ ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಪ್ರಮಾಣವಚನ ಬೋಧಿಸಿ ಹೊರಟುಹೋಗುತ್ತಾರೆ. ಕಟ್ಟೆಯ ಮೇಲೆ ಕುಳಿತವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ಈ ಭಾಗದ ಆಸ್ಪತ್ರೆಗಳಲ್ಲಿ ಕಸಿ ಸಂಯೋಜಕನಾಗಿ, ಅಂದರೆ ದಾನಿಯ ಮನೆಯವರು, ರೋಗಿ, ವೈದ್ಯರ ನಡುವೆ ಕೊಂಡಿಯಾಗಿ ದುಡಿದವನಾಗಿ ನನಗೆ ಖಾತ್ರಿಯಾಗಿರುವ ಸಂಗತಿ ಒಂದಿದೆ: ತಮ್ಮಂಥವರಿಗೂ ಅಂಗ ಸಿಕ್ಕಿದ್ದನ್ನು ಕಣ್ಣಾರೆ ಕಂಡ ಊರು ಮುಂದಿನ ಸಲ ಕೊಡಲು ಹಿಂಜರಿಯುವುದಿಲ್ಲ. ಕಾಣದ ಊರಿಗೆ ಎಷ್ಟು ಉಪದೇಶ ಮಾಡಿದರೂ ಅಷ್ಟೇ.

ಮೊದಲು ನಿಮ್ಮ ಕಾಕಾನ ವಿಷಯ. ಅವರ ಹೆಸರು ಕಾಯುವ ಪಟ್ಟಿಯಲ್ಲಿ ಇದೆಯೇ? ನೀವು ಬರೆದದ್ದನ್ನು ನೋಡಿದರೆ ಇಲ್ಲವೆಂದೇ ತೋರುತ್ತದೆ. ಡಯಾಲಿಸಿಸ್ ಆಗುತ್ತಿದೆ ಎಂದರೆ ಸರ್ಕಾರದ ಲೆಕ್ಕದಲ್ಲಿ ತಾವು ಕಸಿಗೆ ಸರದಿಯಲ್ಲಿದ್ದೇವೆ ಎಂದು ನಮ್ಮ ಜಿಲ್ಲೆಗಳ ಬಹುಪಾಲು ರೋಗಿಗಳು ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಕಿಡ್ನಿ ಕಸಿಗೆ ಪರವಾನಗಿ ಪಡೆದ ಆಸ್ಪತ್ರೆಯೊಂದು ರೋಗಿಯನ್ನು ಪರೀಕ್ಷಿಸಿ, ಹೃದಯ, ಶ್ವಾಸಕೋಶ, ಸೋಂಕು ಎಲ್ಲವನ್ನೂ ನೋಡಿ, ಇವರು ಶಸ್ತ್ರಚಿಕಿತ್ಸೆ ತಡೆದುಕೊಳ್ಳುತ್ತಾರೆ ಎಂದು ಬರೆದು, ರಾಜ್ಯದ ಕಸಿ ಸಮನ್ವಯ ಸಂಸ್ಥೆಯಾದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಬೇಕು. ಡಯಾಲಿಸಿಸ್ ಕೇಂದ್ರ ಆ ಕೆಲಸ ಮಾಡುವುದಿಲ್ಲ. ಮಾಡಿಸಿಕೊಳ್ಳಿ ಎಂದು ಹೇಳುವವರೂ ಎಲ್ಲ ಕಡೆ ಇರುವುದಿಲ್ಲ. ಹುಡುಗನ ಎರಡೂ ಕಿಡ್ನಿಗಳು ಹೊರಬಂದ ರಾತ್ರಿ ಕಂಪ್ಯೂಟರ್‌ನಲ್ಲಿ ನಿಮ್ಮ ಕಾಕಾನ ಹೆಸರೇ ಇರದಿದ್ದರೆ, ಅವರನ್ನು ಯಾರೂ ಬಿಟ್ಟುಬಿಟ್ಟಿಲ್ಲ. ಅವರು ಇದ್ದಾರೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಹೆಸರು ಇದ್ದಿದ್ದರೂ ಸಿಗುತ್ತಿತ್ತು ಎಂದು ಹೇಳಲಾಗುವುದಿಲ್ಲ. ರಕ್ತದ ಗುಂಪು ಹೊಂದಬೇಕು, ಹೊಂದಾಣಿಕೆಯ ಪರೀಕ್ಷೆಯಲ್ಲಿ ದಾನಿಯ ಜೀವಕೋಶಗಳಿಗೆ ರೋಗಿಯ ರಕ್ತ ತಿರುಗಿಬೀಳಬಾರದು. ಎಷ್ಟು ಕಾಲದಿಂದ ಡಯಾಲಿಸಿಸ್, ವಯಸ್ಸೆಷ್ಟು ಎಂಬಂಥ ಅಂಶಗಳಿಗೆ ಅಂಕಗಳಿವೆ. ಹಿಂದೆ ತಾನೇ ಕಿಡ್ನಿ ಕೊಟ್ಟು ಈಗ ತನಗೇ ಬೇಕಾದವರಿಗೆ ರಾಷ್ಟ್ರೀಯ ಮಾರ್ಗಸೂಚಿ ಹೆಚ್ಚುವರಿ ಅಂಕ ಕೊಡುತ್ತದೆ. ಊರು, ಜಾತಿ, ಆಸ್ತಿ ಅದರಲ್ಲಿ ಬರುವುದಿಲ್ಲ. ಅಂಗ ಮೊದಲು ರಾಜ್ಯದೊಳಗೆ, ಇಲ್ಲಿ ತಕ್ಕವರಿಲ್ಲದಿದ್ದರೆ ನೆರೆಯ ರಾಜ್ಯಗಳ ವಲಯಕ್ಕೆ, ಆಮೇಲೆ ದೇಶದ ಪಟ್ಟಿಗೆ ಹೋಗುತ್ತದೆ. ಪಟ್ಟಿಯೊಳಗೆ ಸಾಹುಕಾರನಿಗೆ ಬೇರೆ ಬಾಗಿಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಪಟ್ಟಿಯವರೆಗೆ ಹೋಗುವ ದಾರಿಯ ಬಗ್ಗೆ ಮಾತ್ರ ಆ ಧೈರ್ಯ ನನಗಿಲ್ಲ. ನೋಂದಣಿಗೆ ಮೊದಲಿನ ಪರೀಕ್ಷೆಗಳಿಗೆ ಹಲವು ಸಲ ಓಡಾಡಬೇಕು. ಮುಧೋಳದಿಂದ ಬೆಳಗಾವಿಯೆಂದರೆ ಒಂದು ದಿನ ಹೋಯಿತು. ಇಂಡಿ, ಸಿಂದಗಿ ಕಡೆಯವರಿಗೆ ರಾತ್ರಿ ಉಳಿಯುವ ಖರ್ಚು ಬೇರೆ. ಮಧ್ಯರಾತ್ರಿ ಕರೆ ಬಂದರೆ ಫೋನ್ ಎತ್ತಬೇಕು, ಗಂಟೆಗಳೊಳಗೆ ಆಸ್ಪತ್ರೆ ಸೇರಬೇಕು, ಕೈಯಲ್ಲಿ ಒಂದಿಷ್ಟು ಹಣವೂ ಇರಬೇಕು. ಕಸಿ ಮಾಡುವ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ. ರಾಜ್ಯದಲ್ಲಿ ಅವು ಬೆಂಗಳೂರಿನಲ್ಲೇ ಗುಂಪುಗೂಡಿವೆ. ಜರಡಿ ಹಿಡಿದದ್ದು ಇಲ್ಲಿ. ಬಡವರು ಪಟ್ಟಿಯಲ್ಲಿ ಹಿಂದೆ ಬೀಳುವುದಿಲ್ಲ, ಪಟ್ಟಿಗೆ ಬರುವುದೇ ಇಲ್ಲ. ಆದರೆ ದಾನ ಕೊಡುವಾಗ ಇಂಥ ಯಾವ ಜರಡಿಯೂ ಇಲ್ಲ. ಹೆಲ್ಮೆಟ್ ಇಲ್ಲದೆ ರಾತ್ರಿ ಬೈಕ್ ಓಡಿಸುವ, ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಸ್ತೆಯಲ್ಲೇ ನಿಂತ ಕಬ್ಬಿನ ಟ್ರೇಲರ್‌ಗೆ ಗುದ್ದುವ ಹುಡುಗರು ಯಾರ ಮನೆಯವರೆಂದು ನಿಮಗೆ ನಾನು ಹೇಳಬೇಕಿಲ್ಲ. ಕಟ್ಟೆಯವರು ಕಂಡದ್ದು ಇದನ್ನೇ. ವಿವರಣೆ ತಪ್ಪಿರಬಹುದು, ನೋಟ ತಪ್ಪಲ್ಲ.

ಸ್ವಲ್ಪ ಲೆಕ್ಕ ನೋಡೋಣ. 2023ರಲ್ಲಿ ದೇಶದಲ್ಲಿ 13,426 ಕಿಡ್ನಿ ಕಸಿಗಳಾದವು. ಅವುಗಳಲ್ಲಿ ಮೃತರಿಂದ ಬಂದ ಕಿಡ್ನಿಗಳು 1,635 ಮಾತ್ರ. ಉಳಿದವೆಲ್ಲ ಬದುಕಿರುವವರು, ಹೆಚ್ಚಾಗಿ ಮನೆಯವರೇ, ಕೊಟ್ಟವು. ಆ ವರ್ಷ ಇಡೀ ದೇಶದಲ್ಲಿ ಮರಣಾನಂತರ ಅಂಗಾಂಗ ಕೊಟ್ಟವರು 1,099 ಮಂದಿ; ಕರ್ನಾಟಕದವರು 178. ಜನಸಂಖ್ಯೆಗೆ ಹೋಲಿಸಿದರೆ ದೇಶದಲ್ಲಿ ಹತ್ತು ಲಕ್ಷಕ್ಕೆ ಒಬ್ಬ ದಾನಿಯೂ ಇಲ್ಲ. ಸ್ಪೇನ್‌ನಲ್ಲಿ ಅದೇ ಹತ್ತು ಲಕ್ಷಕ್ಕೆ 48ಕ್ಕಿಂತ ಹೆಚ್ಚು. ನಮ್ಮ ಜನರಿಗೆ ಮನಸ್ಸಿಲ್ಲ ಎಂಬ ತೀರ್ಪನ್ನು ಇದರಿಂದ ಹೊರಡಿಸುವವರೊಂದಿಗೆ ನನ್ನ ತಕರಾರಿದೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಈ ಅಂಕಿಗಳು ಹೇಳುವುದು ಇಷ್ಟು: ಮೃತರಿಂದ ಸಿಗದಿದ್ದಾಗ ಆ ಭಾರ ಬದುಕಿರುವವರ ಮೈಮೇಲೆ ಬೀಳುತ್ತದೆ, ಅದರಲ್ಲೂ ಮನೆಯ ಹೆಣ್ಣುಮಕ್ಕಳ ಮೇಲೆ.

ಇಲ್ಲಿ ನಿಮ್ಮ ಪತ್ರದ ಒಂದು ವಾಕ್ಯಕ್ಕೆ ಬರುತ್ತೇನೆ. ‘ಚಿಗವ್ವ ತಮ್ಮ ಕಿಡ್ನಿ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ’ ಎಂದು ಬರೆದಿದ್ದೀರಿ. ತೀರ್ಮಾನ ಮಾಡಿದವರು ಯಾರು? ಕಾಕಾನಿಗೆ ಅಣ್ಣತಮ್ಮಂದಿರಿದ್ದರೆ, ದುಡಿಯುವ ಗಂಡುಮಕ್ಕಳಿದ್ದರೆ, ಅವರ ರಕ್ತದ ಗುಂಪನ್ನಾದರೂ ನೋಡಿದ್ದಾರೆಯೇ? 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟ ಸುಮಾರು 56,500 ಮಂದಿಯಲ್ಲಿ 36,000ದಷ್ಟು ಮಹಿಳೆಯರು. ಪಡೆದವರಲ್ಲಿ ಮಹಿಳೆಯರು ಮೂರರಲ್ಲಿ ಒಂದು ಪಾಲೂ ಇಲ್ಲ. ದುಡಿಯುವ ಗಂಡಸಿನ ಮೈ ಕೊಯ್ಯಿಸಬಾರದು, ಹೆಂಗಸು ಮನೆಯಲ್ಲೇ ಇರುವವಳು ಎಂಬ ಲೆಕ್ಕ ಬಹಳಷ್ಟು ಮನೆಗಳಲ್ಲಿ ಕೇಳುತ್ತದೆ. ನಸುಕಿನಲ್ಲಿ ಹಾಲು ಕರೆದು, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಕಳೆ ತೆಗೆದು, ಸಂಜೆ ಕೊಡ ಹೊತ್ತು ಬರುವವರು ನಿಮ್ಮ ಚಿಗವ್ವನೇ ಇರಬೇಕು. ಅದು ದುಡಿಮೆಯ ಲೆಕ್ಕಕ್ಕೆ ಬಂದಿಲ್ಲ. ಕಿಡ್ನಿ ಕೊಟ್ಟ ಮೇಲೆ ಆರೆಂಟು ವಾರ ಅವರು ಕೊಡ ಎತ್ತಬಾರದು, ಮೇವಿನ ಹೊರೆ ಹೊರಬಾರದು. ಆಪರೇಷನ್ ದಿನಾಂಕ ಗೊತ್ತುಮಾಡುವ ಮೊದಲು, ಆ ಎರಡು ತಿಂಗಳು ಆ ಕೆಲಸ ಯಾರು ಮಾಡುತ್ತಾರೆ ಎಂಬುದನ್ನು ಗೊತ್ತುಮಾಡಿ.

ಅಪಾಯ ದೊಡ್ಡದಲ್ಲ. ಕಿಡ್ನಿ ಕೊಡುವ ಶಸ್ತ್ರಚಿಕಿತ್ಸೆಯಲ್ಲಿ ಸಾವು ಹತ್ತು ಸಾವಿರಕ್ಕೆ ಮೂರರಷ್ಟು. ಒಂದೇ ಕಿಡ್ನಿಯಲ್ಲಿ ಬದುಕು ನಡೆಯುತ್ತದೆ. ಆದರೆ ರಕ್ತದೊತ್ತಡವನ್ನು ಮತ್ತು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಮಟ್ಟವನ್ನು ಜೀವನಪರ್ಯಂತ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು, ಮತ್ತು ನಾನು ಕಂಡಂತೆ ಮನೆಗಳು ಮರೆಯುವುದು ಇದನ್ನೇ. ಪಡೆದವರ ಮಾತ್ರೆ, ಪಡೆದವರ ಪಥ್ಯ, ಪಡೆದವರ ತಪಾಸಣೆ ಎಲ್ಲವೂ ಸಾಂಗವಾಗಿ ನಡೆಯುತ್ತದೆ. ಕೊಟ್ಟವರು ಎರಡನೆಯ ವರ್ಷವೇ ಆಸ್ಪತ್ರೆಯ ದಾರಿ ಮರೆತಿರುತ್ತಾರೆ.

ಮನೆಯ ಹೆಣ್ಣಿನ ಮೇಲೆ ಒತ್ತಡ ಬೀಳಬಹುದು ಎಂಬುದನ್ನು ಕಾನೂನು ಊಹಿಸಿದೆ. ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಗುರುತು ಮತ್ತು ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ಖಚಿತಪಡಿಸಬೇಕು ಎಂದು ಅಂಗಾಂಗ ಕಸಿಯ 2014ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಆದ್ದರಿಂದ ಚಿಗವ್ವನಿಗೆ ಒಂದು ಮಾತು ತಿಳಿಸಿ: ಕಸಿ ಸಂಯೋಜಕರೊಂದಿಗೆ ಒಬ್ಬರೇ ಕುಳಿತು ಮಾತಾಡುವ ಹಕ್ಕು ಅವರಿಗಿದೆ. ಮನಸ್ಸಿಲ್ಲ ಎಂದು ಅವರು ಅಲ್ಲಿ ಹೇಳಿದರೆ, ‘ವೈದ್ಯಕೀಯವಾಗಿ ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುವ ರೂಢಿ ಒಳ್ಳೆಯ ಆಸ್ಪತ್ರೆಗಳಲ್ಲಿದೆ. ಅವರು ಸಂತೋಷದಿಂದಲೇ ಕೊಡುತ್ತಿರಬಹುದು, ಅದೂ ಸಹಜ. ನಾನು ಕೇಳುತ್ತಿರುವುದು ಅವರನ್ನು ಕೇಳಿದ್ದೀರಾ ಎಂದು. ರಕ್ತದ ಗುಂಪು ಹೊಂದದಿದ್ದರೆ, ಅದೇ ತೊಂದರೆಯಲ್ಲಿರುವ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇನ್ನು, 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯು, ಕಾಯುವ ಪಟ್ಟಿಯಲ್ಲಿರುವ ಮಹಿಳೆಯರಿಗೆ ಹಾಗೂ ಮೃತ ದಾನಿಗಳ ಹತ್ತಿರದ ಬಂಧುಗಳಿಗೆ ಆದ್ಯತೆ ಕೊಡಬೇಕೆಂದು ರಾಜ್ಯಗಳಿಗೆ ಸಲಹೆ ಕಳಿಸಿದೆ. ಸಲಹೆ ಸಲಹೆಯೇ, ಜಾರಿಗೆ ಬರುವುದು ರಾಜ್ಯಗಳ ಕೈಯಲ್ಲಿದೆ. ಆದರೂ ಬಹಳ ತಡವಾಗಿ ಬಂದ ಸರಿಯಾದ ಮಾತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಊರಿಗೆ ಏನು ದಕ್ಕುತ್ತದೆ ಎಂಬುದು. ಡಯಾಲಿಸಿಸ್ ರೋಗಿಯ ವಾರ ಹೇಗಿರುತ್ತದೆ ಎಂದು ನಿಮ್ಮ ಮನೆಯಲ್ಲೇ ನೋಡಿದ್ದೀರಿ. ಯಂತ್ರದ ಮುಂದೆ ನಾಲ್ಕು ತಾಸು, ಹೋಗಿಬರಲು ಮತ್ತೆ ನಾಲ್ಕು ತಾಸು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಎದೆಗೆ ಒತ್ತಿಕೊಂಡು, ಟವೆಲ್ ಮುಚ್ಚಿಕೊಂಡು ನಿಲ್ಲಬೇಕು. ಜೊತೆಗೊಬ್ಬರು ಬರಬೇಕು, ಅವರ ಕೂಲಿ ಹೋಯಿತು. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದ ಮೇಲೆ ಬಿಪಿಎಲ್ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಯಿತು. ಅದು ಉಳಿಸಿದ ಜೀವಗಳು ಕಡಿಮೆಯಲ್ಲ. ಆದರೆ ಉಚಿತವಾದದ್ದು ಯಂತ್ರ, ದಿನವಲ್ಲ. ವಾರದಲ್ಲಿ ಎರಡು ಮೂರು ದಿನ ಹೀಗೆ ಹೋದರೆ ಹೊಲವನ್ನು ಪಾಲಿಗೆ ಕೊಡಬೇಕಾಗುತ್ತದೆ, ಎಮ್ಮೆ ಮಾರಾಟವಾಗುತ್ತದೆ. ಜೊತೆಗೆ ಹೋಗುವವಳು ಹತ್ತನೆಯ ಇಯತ್ತೆಯ ಮಗಳಾದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ನಿಮಗೇ ಕಾಣುತ್ತದೆ. ಕಸಿಯಾಗಿ ಕೆಲವು ತಿಂಗಳಲ್ಲಿ ಆ ಮನುಷ್ಯ ಅಂಗಡಿಯಲ್ಲಿ ಕುಳಿತ, ಹೊಲಕ್ಕೆ ಹೋಗಿ ನಿಂತ ಎಂದರೆ, ಅವನ ಹಿಂದೆ ಎದ್ದು ಬರುವವರು ಮನೆಯಲ್ಲಿ ನಾಲ್ಕೈದು ಮಂದಿ. ಮಗಳು ಶಾಲೆಗೆ ಮರಳುತ್ತಾಳೆ. ಅವಳು ಯಾವ ಕಸಿ ವರದಿಯಲ್ಲೂ ಬರುವುದಿಲ್ಲ.

ಹಣದ ವಿಷಯದಲ್ಲಿ ಜನರಿಗೆ ಅರ್ಧ ಮಾತ್ರ ಗೊತ್ತಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಕಿಡ್ನಿ, ಲಿವರ್, ಹೃದಯ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ, ನೋಂದಾಯಿತ ಆಸ್ಪತ್ರೆಗಳಲ್ಲಿ, ರಾಜ್ಯ ಸರ್ಕಾರದ ನೆರವಿದೆ. ಆಪರೇಷನ್ ಆ ರೀತಿ ದಾಟಿಹೋಗಬಹುದು. ಆಮೇಲಿನ ಮಾತ್ರೆಗಳೇ ದೊಡ್ಡ ಹೊರೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್, ಇವು ಹೊಸ ಕಿಡ್ನಿ ಇರುವವರೆಗೂ ಬೇಕು, ತಿಂಗಳಿಗೆ ಸಾವಿರಾರು ರೂಪಾಯಿ. ಕಬ್ಬಿನ ಬಿಲ್ಲು ಬಾಕಿ ಇದೆ ಎಂದು ಎರಡು ವಾರ ಮಾತ್ರೆ ಬಿಟ್ಟರೆ, ಹೆಂಡತಿ ಕೊಟ್ಟ ಕಿಡ್ನಿಯನ್ನು ದೇಹ ಪರಕೀಯವೆಂದು ಹೊರಗೆ ತಳ್ಳಲು ತೊಡಗುತ್ತದೆ. ಇನ್ನೊಂದು ಸಂಗತಿಯನ್ನು ಪಟ್ಟಣದ ವೈದ್ಯರು ಹೇಳಲು ಮರೆಯುತ್ತಾರೆ. ನಮ್ಮ ಹಳ್ಳಿ ಮನೆಗಳಲ್ಲಿ ದನದ ಕೊಟ್ಟಿಗೆ ಮನೆಯೊಳಗೇ ಇರುತ್ತದೆ, ಪಡಸಾಲೆ ದಾಟಿದರೆ ಗೋದಲಿ. ಮಾತ್ರೆಗಳಿಂದ ರೋಗನಿರೋಧಕ ಶಕ್ತಿ ತಗ್ಗಿದವರು ಸೆಗಣಿ ಬಾಚುವುದು, ಕಣದ ಧೂಳಿನಲ್ಲಿ ನಿಲ್ಲುವುದು ಸೋಂಕಿಗೆ ಕರೆಕೊಟ್ಟಂತೆ. ಮೊದಲ ಆರು ತಿಂಗಳಾದರೂ ಕಾಕಾನಿಗೆ ಗಾಳಿಬೆಳಕಿನ ಪ್ರತ್ಯೇಕ ಕೋಣೆ ಬೇಕು, ನೀರು ಕಾಯಿಸಿ ಆರಿಸಿದ್ದೇ ಆಗಬೇಕು. ಕಸಿಗೆ ಸಾಲ ಎತ್ತುವವರು ಈ ಕೋಣೆಯ ಖರ್ಚನ್ನೂ ಅದರಲ್ಲಿ ಸೇರಿಸಲಿ.

ಸಾಲದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕಿಡ್ನಿ ಬೇಕಾಗಿದೆ, ಲಕ್ಷಾಂತರ ರೂಪಾಯಿ ಕೊಡುತ್ತೇವೆ ಎಂಬ ಸಂದೇಶಗಳು ಮೊಬೈಲ್‌ನಲ್ಲಿ ಓಡಾಡುತ್ತವೆ. ಫೈನಾನ್ಸ್‌ನವರ ವಾರದ ಕಂತಿಗೆ ಹೆದರಿದವರ ಕಣ್ಣಿಗೆ ಅವು ಬೀಳುತ್ತವೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಆ ಹೆದರಿಕೆ ಎಷ್ಟಿತ್ತೆಂದು ತಿಳಿಯುತ್ತದೆ. ಕಿಡ್ನಿ ಮಾರಿದರೆ ಸಾಲ ತೀರುತ್ತದೆಯೇ? ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು ಮಾತಾಡಿಸಿ ಮಾಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 96 ಮಂದಿ ಸಾಲ ತೀರಿಸಲೆಂದೇ ಮಾರಿದ್ದರು. ವರ್ಷಗಳ ನಂತರ ಮುಕ್ಕಾಲು ಭಾಗ ಇನ್ನೂ ಸಾಲದಲ್ಲೇ ಇದ್ದರು, ಕುಟುಂಬದ ಆದಾಯ ಸರಾಸರಿ ಮೂರನೆಯ ಒಂದು ಭಾಗದಷ್ಟು ಇಳಿದಿತ್ತು, ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿದೆ ಎಂದರು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಕೊಳ್ಳುವವರು, ಮಾರುವವರು, ನಡುವಿನ ದಲ್ಲಾಳಿ ಎಲ್ಲರೂ ಅಪರಾಧಿಗಳು. 2011ರ ತಿದ್ದುಪಡಿಯ ನಂತರ ಶಿಕ್ಷೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ. ಪಟ್ಟಿಯ ದಾರಿ ಕಿರಿದಾದಷ್ಟೂ ದಲ್ಲಾಳಿಯ ದಾರಿ ಅಗಲವಾಗುತ್ತದೆ ಎಂಬುದನ್ನೂ ಮರೆಯಬಾರದು.

ಜನರಿಗೆ ಮನಸ್ಸಿಲ್ಲ ಎಂಬ ತೀರ್ಪಿನ ಬಗ್ಗೆ ತಕರಾರಿದೆ ಎಂದೆನಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಬಹುಪಾಲು ಮನೆಯವರನ್ನು ಯಾರೂ ಕೇಳಿಯೇ ಇರುವುದಿಲ್ಲ. ತಲೆಗೆ ಪೆಟ್ಟಾಗಿ ವೆಂಟಿಲೇಟರ್ ಮೇಲಿರುವ ಹುಡುಗನ ಮಿದುಳು ಸತ್ತಿದೆ ಎಂದು ನಾಲ್ವರು ವೈದ್ಯರ ತಂಡ, ಆರು ತಾಸು ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಬರೆಯಬೇಕು. ಆ ವ್ಯವಸ್ಥೆ ಇಲ್ಲದ ಆಸ್ಪತ್ರೆಯಲ್ಲಿ, ‘ಇನ್ನೇನೂ ಉಳಿದಿಲ್ಲ, ಉಸಿರಿರುವಾಗಲೇ ಮನೆಗೆ ಒಯ್ಯಿರಿ’ ಎನ್ನುತ್ತಾರೆ. ಹಿರಿಯರು ಕೂಡ ಮನೆಯಲ್ಲೇ ಪ್ರಾಣ ಹೋಗಲಿ ಎಂದು ಆಂಬುಲೆನ್ಸ್ ಹತ್ತಿಸುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಕಸಿ ಮಾಡದ ಆಸ್ಪತ್ರೆ ಕೂಡ, ತೀವ್ರ ನಿಗಾ ಘಟಕ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ಇದ್ದರೆ, ಅಂಗಾಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ನರರೋಗ ತಜ್ಞರು ಇಲ್ಲದ ಕಡೆ ಅರಿವಳಿಕೆ ತಜ್ಞರು ಅಥವಾ ತೀವ್ರ ನಿಗಾ ತಜ್ಞರು ಆ ತಂಡದಲ್ಲಿರಬಹುದು ಎಂದು ಕಾನೂನು ಸಡಿಲಿಸಿ ವರ್ಷಗಳೇ ಆಗಿವೆ. ವೈದ್ಯಕೀಯ ಕಾಲೇಜುಗಳಿರುವ ಬಾಗಲಕೋಟೆ, ವಿಜಯಪುರಗಳಂಥ ಊರುಗಳಲ್ಲಿ ಜನಪ್ರತಿನಿಧಿಗಳನ್ನು ಕೇಳಬೇಕಾದದ್ದು ಇದನ್ನು, ಮತ್ತೊಂದು ಜಾಥಾವನ್ನಲ್ಲ.

ಹತ್ತಿರದಲ್ಲಿ ವ್ಯವಸ್ಥೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಹೃದಯವೇ ಸಾಕ್ಷಿ. ಹೊರತೆಗೆದ ಹೃದಯ ನಾಲ್ಕು ತಾಸಿನ ಆಸುಪಾಸಿನಲ್ಲಿ ಇನ್ನೊಬ್ಬರ ಎದೆಯಲ್ಲಿ ಮಿಡಿಯಬೇಕು. ಕಿಡ್ನಿ ಒಂದು ದಿನ ತಾಳುತ್ತದೆ, ಹೃದಯ ತಾಳುವುದಿಲ್ಲ. 2018ರಲ್ಲಿ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ಹೃದಯ ಕಸಿ ನಡೆಯಿತು. ಅದಾದ ಮೇಲೆ ಧಾರವಾಡದ ಹೃದಯ, ಪೊಲೀಸರು ಹೆದ್ದಾರಿ ತೆರವು ಮಾಡಿಕೊಟ್ಟ ಆಂಬುಲೆನ್ಸ್‌ನಲ್ಲಿ ಬೆಳಗಾವಿ ಸೇರುವುದು ಸಾಧ್ಯವಾಯಿತು. ವಿಜಯಪುರದವರು ಸೊಲ್ಲಾಪುರಕ್ಕೆ, ಅಥಣಿಯವರು ಮಿರಜಕ್ಕೆ ಚಿಕಿತ್ಸೆಗೆ ಹೋಗುವುದು ಹಿಂದಿನಿಂದ ಬಂದ ರೂಢಿ. ಕಸಿಗೆ ಹೆಸರು ಬರೆಸಲು ಆ ರಾಜ್ಯದ ನಿವಾಸಿಯಾಗಿರಬೇಕು ಎಂಬ ಷರತ್ತನ್ನು ಕೇಂದ್ರ ಸರ್ಕಾರ 2023ರಲ್ಲಿ ಕೈಬಿಟ್ಟಿತು, ನೋಂದಣಿಗೆ ಶುಲ್ಕ ಪಡೆಯಬಾರದು ಎಂದಿತು. ಗಡಿ ಭಾಗದವರಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನು ಆ ಹುಡುಗನ ಮನೆ. ಊರಿನ ಮಾತು ಹೆಚ್ಚು ಚುಚ್ಚುವುದು ಅವರನ್ನೇ. ‘ಎಷ್ಟು ಕೊಟ್ಟರು?’ ಎಂದು ಅವನ ತಾಯಿಯನ್ನು ಯಾರೋ ಕೇಳಿಯೇ ಇರುತ್ತಾರೆ. ಏನೂ ಕೊಡುವುದಿಲ್ಲ, ಕೊಡುವಂತಿಲ್ಲ. ಒಪ್ಪಿಗೆಯ ನಂತರ ದಾನಿಯ ದೇಹ ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ಖರ್ಚು ಆ ಮನೆಯ ಮೇಲೆ ಬೀಳಕೂಡದು ಎಂದು ನಿಯಮವಿದೆ. ಅದಕ್ಕೆ ಮೊದಲಿನ ಚಿಕಿತ್ಸೆಯ ಬಿಲ್ಲು ಮಾತ್ರ ಮನೆಯವರದೇ. ಮಗನನ್ನೂ ಕಳೆದುಕೊಂಡು, ಅವನ ಅಂಗಾಂಗವನ್ನೂ ಕೊಟ್ಟು, ಬಿಲ್ಲಿಗಾಗಿ ಬಂಗಾರ ಒತ್ತೆಯಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಸರ್ಕಾರ ಸನ್ಮಾನಪತ್ರಕ್ಕಿಂತ ಮೊದಲು ಈ ಬಿಲ್ಲಿನ ಕಡೆ ನೋಡಲಿ ಎಂಬುದು ನನ್ನ ಹಟ. ಪತ್ರಿಕೆಯಲ್ಲಿ ಫೋಟೋ ಹಾಕಿಸುವ ಆತುರವೂ ನನಗೆ ಹಿಡಿಸುವುದಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಪರಸ್ಪರ ತಿಳಿಯದಿರಲಿ ಎಂಬ ಪದ್ಧತಿ ಇರುವುದು ಇಬ್ಬರ ನೆಮ್ಮದಿಗಾಗಿ.

ಐಸಿಯು ಹೊರಗಿನ ಕಾರಿಡಾರಿನಲ್ಲಿ ನನ್ನನ್ನು ಜನ ಕೇಳಿದ್ದು ಪುನರ್ಜನ್ಮದ ಪ್ರಶ್ನೆಗಳನ್ನಲ್ಲ. ‘ಸಾಹೇಬರೇ, ಕೂರಿಸಲು ಬರುತ್ತದೆಯೇ?’ ಎಂದು ರುಮಾಲು ಕೈಯಲ್ಲಿ ಹಿಡಿದ ಅಜ್ಜನೊಬ್ಬರು ತಗ್ಗಿದ ದನಿಯಲ್ಲಿ ಕೇಳಿದ್ದರು. ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹಾಗೆಯೇ ಒಯ್ದು ಸಮಾಧಿ ಮಾಡುತ್ತಾರೆ. ಕೊಯ್ದ ದೇಹ ಕುಸಿದುಬಿದ್ದರೆ ನಾಲ್ಕು ಜನರ ಮುಂದೆ ಏನು ಗತಿ ಎಂಬುದು ಅವರ ಭಯ. ಬರುತ್ತದೆ. ಅಂಗ ತೆಗೆದ ಮೇಲೆ ಬೇರೆ ಶಸ್ತ್ರಚಿಕಿತ್ಸೆಯಂತೆಯೇ ಒಪ್ಪವಾಗಿ ಹೊಲಿಯುತ್ತಾರೆ. ಬೆನ್ನೆಲುಬು, ಕೈಕಾಲು ಹಾಗೆಯೇ ಇರುತ್ತವೆ. ಆ ಅಜ್ಜ ಒಪ್ಪಿದರು. ವಿಜಯಪುರದ ಮುಸ್ಲಿಂ ಕುಟುಂಬಗಳ ಚಿಂತೆ ಬೇರೆ, ದಫನ್ ತಡವಾಗಬಾರದು ಎಂಬುದು. ಅಪಘಾತದ ಪ್ರಕರಣವಾದ್ದರಿಂದ ಪಂಚನಾಮೆ, ಮರಣೋತ್ತರ ಪರೀಕ್ಷೆ ಹೇಗೂ ಆಗಬೇಕು. ಅಂಗಾಂಗ ದಾನವಿದ್ದರೆ ಸೂರ್ಯ ಮುಳುಗಿದ ಮೇಲೂ ಮರಣೋತ್ತರ ಪರೀಕ್ಷೆ ನಡೆಸಬಹುದು ಎಂದು 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ ಮೇಲೆ ತಡ ಕಡಿಮೆಯಾಗಿದೆ.

ದೇಹದಾನವನ್ನು ಇದರೊಂದಿಗೆ ಬೆರೆಸಬೇಡಿ. ದೇಹದಾನ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ. ನಮ್ಮ ಬೆಳಗಾವಿ ಜಿಲ್ಲೆಗೆ ಅದರಲ್ಲಿ ದೊಡ್ಡ ಹೆಸರಿದೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವನ್ನು ಮಗನೇ ಛೇದಿಸಿ ಪಾಠ ಮಾಡಬೇಕೆಂದು ಬಯಸಿದ್ದರು. ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ವಿದ್ಯಾರ್ಥಿಗಳ ಮುಂದೆ ಅದನ್ನು ಮಾಡಿದರು. ಆಮೇಲೆ ಈ ಭಾಗದಲ್ಲಿ ದೇಹದಾನಕ್ಕೆ ಮುಂದೆ ಬಂದವರು ಬಹಳ. ಎದುರಿಗೆ ಕಂಡದ್ದನ್ನು ನಮ್ಮ ಜನ ನಂಬುತ್ತಾರೆ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಮಕ್ಕಳ ಪ್ರಬಂಧಕ್ಕೆ ಬರುತ್ತೇನೆ. ಆಗಸ್ಟ್ 3 ಭಾರತೀಯ ಅಂಗಾಂಗ ದಾನ ದಿನ. 1994ರ ಅದೇ ದಿನ ದೆಹಲಿಯ ಏಮ್ಸ್‌ನಲ್ಲಿ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆಯಿತು. ‘ದಾನಗಳಲ್ಲಿ ಶ್ರೇಷ್ಠ’ ಎಂದು ಶುರುವಾಗುವ ಪ್ರಬಂಧ ಬೇಡ ಎಂದು ಮೊದಲೇ ಹೇಳಿಬಿಡಿ. ನೂರು ಪ್ರಬಂಧಗಳಲ್ಲಿ ತೊಂಬತ್ತು ಹಾಗೆಯೇ ಶುರುವಾಗುತ್ತವೆ. ನೇತ್ರದಾನದಿಂದ ಆರಂಭಿಸಿ. ಅದಕ್ಕೆ ಐಸಿಯು ಬೇಡ, ಮಿದುಳು ನಿಷ್ಕ್ರಿಯವಾಗಬೇಕಿಲ್ಲ, ಮನೆಯಲ್ಲೇ ತೀರಿಕೊಂಡ ಅಜ್ಜಿಯೂ ಕೊಡಬಹುದು. ಆರು ತಾಸಿನೊಳಗೆ ನೇತ್ರ ಬ್ಯಾಂಕಿನವರು ಬಂದು ತೆಗೆದುಕೊಳ್ಳುತ್ತಾರೆ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಡಬೇಕು, ಫ್ಯಾನ್ ಆರಿಸಬೇಕು. ಕನ್ನಡಕ ಹಾಕುತ್ತಿದ್ದವರು, ಮೋತಿಬಿಂದು ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕೊಡಬಹುದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಾರ್ನಿಯಾಗಳ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗಳ, ಪದರಗಳನ್ನು ಬಿಡಿಸಿ ನಾಲ್ವರಿಗೆ ಹಾಕಿದರು. ಎರಡು ಕಣ್ಣಿನಿಂದ ನಾಲ್ವರು ಹೇಗೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗಾಂಗಗಳನ್ನು ಕೊಟ್ಟರು. ಆಮೇಲೆ ಹೆಲ್ಮೆಟ್ ಬಗ್ಗೆ, ಕಬ್ಬಿನ ಟ್ರೇಲರ್‌ನ ಹಿಂದಿನ ಕೆಂಪು ಪಟ್ಟಿಯ ಬಗ್ಗೆ ಬರೆಸಿ. ದಾನಿಗಳು ಹೆಚ್ಚಲಿ ಎನ್ನುವ ನಾನು ಇದನ್ನೂ ಹೇಳುವುದು ಕೆಲವರಿಗೆ ವಿಚಿತ್ರವಾಗಿ ಕಾಣುತ್ತದೆ. ತಪ್ಪಿಸಬಹುದಾದ ಸಾವಿನಿಂದ ಅಂಗ ಬರಲಿ ಎಂದು ಕಾಯುವ ಕೆಲಸ ನನ್ನದಲ್ಲ.

ಮಕ್ಕಳು ಕಟ್ಟೆಯ ಪ್ರಶ್ನೆಯನ್ನೇ ಎತ್ತಿದರೆ ಪಟ್ಟಿ ಹೇಗೆ ನಡೆಯುತ್ತದೆ, ಅದಕ್ಕೆ ಯಾರು ಸೇರಲಾಗುತ್ತಿಲ್ಲ ಎಂಬ ಎರಡನ್ನೂ ಮುಚ್ಚಿಡದೆ ಹೇಳಿ. ಹನ್ನೆರಡು ವರ್ಷದ ಮಕ್ಕಳಿಗೆ ಅನ್ಯಾಯ ಚೆನ್ನಾಗಿ ಅರ್ಥವಾಗುತ್ತದೆ.

ಕಾಕಾನ ಮಟ್ಟಿಗೆ ಈ ತಿಂಗಳೇ ಆಗಬೇಕಾದ ಕೆಲಸವಿದೆ. ಡಯಾಲಿಸಿಸ್ ಕೇಂದ್ರದಿಂದ ಈವರೆಗಿನ ದಾಖಲೆಗಳ ಪ್ರತಿ, ರಕ್ತದ ಗುಂಪಿನ ವರದಿ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ವರದಿ, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಂಡು ಬೆಳಗಾವಿ ಅಥವಾ ನಿಮಗೆ ಅನುಕೂಲವಾದ ಊರಿನ ಕಿಡ್ನಿ ಕಸಿ ಆಸ್ಪತ್ರೆಯ ನೆಫ್ರಾಲಜಿ (ಕಿಡ್ನಿ ಕಾಯಿಲೆಗಳ) ಹೊರರೋಗಿ ವಿಭಾಗಕ್ಕೆ ಹೋಗಿ. ಚಿಗವ್ವ ಕೊಡುವುದು ಖಚಿತವಾದರೂ ಮೃತ ದಾನಿಗಳ ಪಟ್ಟಿಯಲ್ಲಿ ಕಾಕಾನ ಹೆಸರು ಬರೆಸಿ. ಎರಡಕ್ಕೂ ಒಂದಕ್ಕೊಂದು ಅಡ್ಡಿಯಿಲ್ಲ. ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಮೊಬೈಲ್ ನಂಬರ್ ಕೊಡುವಾಗ ಕಾಕಾನ ಒಂದೇ ಸಾಲದು, ರಾತ್ರಿ ಎತ್ತುವ ಇನ್ನೆರಡು ನಂಬರ್ ಕೊಡಿ. ಚಿಗವ್ವ ಮತ್ತು ಕಾಕಾನ ಅಣ್ಣತಮ್ಮಂದಿರ ರಕ್ತದ ಗುಂಪನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲು ನೋಡಿಸಿಬಿಡಿ.